ಬುನಾದಿ ಎಷ್ಟು ಅಡಿ, ಸಭಾಧ್ಯಕ್ಷರೆ?

ಏಳು ಅಡಿ ತೋಡಿದರೂ ಗರಸು ಹತ್ತಲಿಲ್ಲ. ಮೇಲಿನಿಂದ ಕೆಳಗಿನತನಕ ಎರಿ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ, ಮಳೆ ಬಿದ್ದ ಮರುದಿನ ನಾದಿದ ಹಿಟ್ಟಿನಂತೆ ಉಬ್ಬುವ ಅದೇ ಕರಿ ಮಣ್ಣು. ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಊರಿನಲ್ಲಿ, ನಮ್ಮ ಓಣಿಯ ಅಕ್ಕ ಒಬ್ಬಳಿಗೆ ಸರ್ಕಾರದ ಮನೆ ಮಂಜೂರಾಗಿತ್ತು. ಗಂಡ ತೀರಿದ ಮೇಲೆ ಮಂದಿ ಹೊಲಕ್ಕೆ ಕಳೆ ತೆಗೆಯಲು ಹೋಗಿ ಇಬ್ಬರು ಮಕ್ಕಳನ್ನು ಸಾಕಿದವಳು. ಹಳೆಯ ಮಣ್ಣಿನ ಮನೆಯ ಹಿಂದಿನ ಗೋಡೆ ಮಳೆಗೆ ಕುಂತಿತ್ತು. ಓಣಿಯವರು ನಾಲ್ಕು ಜನ ಗುದ್ದಲಿ ಹಿಡಿದು ಇಳಿದಿದ್ದೆವು. ಏಳನೇ ಅಡಿಯಲ್ಲಿ ಗೌಂಡಿ ಮೇಲೆ ಹತ್ತಿ ಬಂದು ಹೇಳಿದ: "ಯಕ್ಕಾ, ಇನ್ನೂ ಇಳೀಬೇಕು. ಇಲ್ಲೇ ಕಲ್ಲ ಇಟ್ರ ಎರಡ ಮಳಿಗಾಲಕ್ಕ ಗ್ವಾಡಿ ಸೀಳ್ತಾವ."

ಅಕ್ಕ ಕೇಳಿದ್ದು ಒಂದೇ ಮಾತು. "ರೊಕ್ಕ ಎಷ್ಟ ಆತೋ ತಮ್ಮಾ?"

ಆ ಹೊತ್ತಿಗೆ ಅವಳ ಬೆಂಡೋಲೆ ಅಡವು ಬಿದ್ದಿದ್ದವು. ಸರ್ಕಾರದ ಒಂದು ರೂಪಾಯಿಯೂ ಕೈಗೆ ಬಂದಿರಲಿಲ್ಲ. ತಳಪಾಯ ಮುಗಿಯಬೇಕು, ಅದರ ಮುಂದೆ ಅವಳು ನಿಲ್ಲಬೇಕು, ಫೋಟೊ ತೆಗೆಯಬೇಕು, ಆ ಫೋಟೊ ಬೆಂಗಳೂರಿನಲ್ಲಿ ಒಪ್ಪಿಗೆಯಾಗಬೇಕು. ಆಮೇಲೆ ಮೊದಲ ಕಂತು. ಗರಸು, ಕಲ್ಲು, ಟ್ರ್ಯಾಕ್ಟರ್ ಬಾಡಿಗೆ, ಗೌಂಡಿಯ ಪಗಾರ ಎಲ್ಲ ಕೂಡಿ ಆ ಕಂತಿನ ಮೂರು ಪಟ್ಟು ಹಣ ನೆಲದೊಳಗೇ ಹೋಗಿತ್ತು. ನೆಲದ ಮೇಲೆ ಇನ್ನೂ ಒಂದು ಇಟ್ಟಿಗೆ ಎದ್ದಿರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕುಂತಿದೆ. ಮನೆಗೆ ಇಷ್ಟು ಎಂದು ದರ ಕಟ್ಟಿದವರು ಯಾವ ಮಣ್ಣು ತೋಡಿ ಕಟ್ಟಿದರು? ಆ ದರಕ್ಕೆ ಕೈ ಎತ್ತಿದ ಸದನದಲ್ಲಿ ಈ ಮಾತನ್ನು ಕೇಳಲು ಒಬ್ಬರಿಗೂ ಬಾಯಿ ಬರಲಿಲ್ಲವೆ?

ಲೆಕ್ಕ ನೋಡಿ. ಬಡವರ ಮನೆಗೆ ಕೇಂದ್ರ ಕೊಡುತ್ತಿದ್ದ ನೆರವು 2010ರಲ್ಲಿ ಬಯಲು ಪ್ರದೇಶಕ್ಕೆ 45,000 ರೂಪಾಯಿ. 2013ರಲ್ಲಿ 70,000. ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದ 2016ರಲ್ಲಿ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ. ಅದರಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಆರು ವರ್ಷದಲ್ಲಿ ಎರಡು ಸಲ ಏರಿದ್ದ ಮೊತ್ತ 2016ಕ್ಕೆ ಬಂದು ನಿಂತುಬಿಟ್ಟಿತು. 2022ಕ್ಕೆ ಎಲ್ಲರಿಗೂ ಸೂರು ಎಂದರು. ಆಗಲಿಲ್ಲ, 2024ರ ಮಾರ್ಚ್‌ಗೆ ಮುಂದೂಡಿದರು. 2024ರ ಆಗಸ್ಟ್‌ನಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ದರ ಅದೇ 1.20 ಲಕ್ಷ. ನಮ್ಮ ರಾಜ್ಯದ ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗದ ಬಡವನಿಗೂ ಅಷ್ಟೇ. ಈ ನಡುವೆ ಸಿಮೆಂಟು, ಕಬ್ಬಿಣ, ಮರಳು ಎಲ್ಲಿಗೆ ಹೋಗಿ ಮುಟ್ಟಿವೆ ಎಂಬುದನ್ನು ಅಣ್ಣಿಗೇರಿಯ ಯಾವ ಅಂಗಡಿಯ ಕಟ್ಟೆಗೆ ಬೇಕಾದರೂ ಹೋಗಿ ಕೇಳಿ.

ಬಯಲಿಗೊಂದು ದರ, ಗುಡ್ಡಕ್ಕೊಂದು ದರ. ಈ ದೇಶದ ನೆಲವನ್ನು ಸರ್ಕಾರ ಎರಡೇ ಬಗೆಯಾಗಿ ಕಂಡಿದೆ. ಎರಿ ಭೂಮಿ ಎಂಬ ಮೂರನೆಯದು ಅದರ ಕಣ್ಣಿಗೆ ಬಿದ್ದಿಲ್ಲ. ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿಯ ಕೆಂಪು ಮಣ್ಣಿನಲ್ಲಿ ಮೂರು ಅಡಿಗೆ ಗಟ್ಟಿ ನೆಲ ಸಿಗುವ ಜಾಗಗಳಿವೆ. ಅದೇ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿಯಲ್ಲಿ ಅದರ ಎರಡು ಪಟ್ಟು ಇಳಿದರೂ ಸಿಗುವ ಖಾತ್ರಿ ಇಲ್ಲ. ಗರಸು ತುಂಬದೆ, ಕಲ್ಲು ಹಾಕದೆ ಮೇಲೆ ಮೇಲೆ ಕಟ್ಟಿದ ಮನೆಗಳನ್ನು ನಾನು ಹಳ್ಳಿ ಹಳ್ಳಿಯಲ್ಲಿ ತೋರಿಸುತ್ತೇನೆ ಬನ್ನಿ. ಕಿಟಕಿಯ ಮೂಲೆಯಿಂದ ಛಾವಣಿತನಕ ಸೀಳಿದ ಗೋಡೆ, ಅದಕ್ಕೆ ಮೆತ್ತಿದ ಸಿಮೆಂಟು, ಅದರ ಮೇಲೆ ಮತ್ತೆ ಸೀಳು. ಸರ್ಕಾರದ ಕಡತದಲ್ಲಿ ಅವೆಲ್ಲ ಪೂರ್ಣಗೊಂಡ ಮನೆಗಳು.

ಈ ಮಣ್ಣಿನ ಗುಣ ಯಾರಿಗೂ ತಿಳಿಯದ ಗುಟ್ಟಲ್ಲ. ರೂರ್ಕಿಯಲ್ಲಿ 1947ರಲ್ಲಿ ಹುಟ್ಟಿದ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಮಣ್ಣಿಗೆಂದೇ ಬುನಾದಿಯ ಒಂದು ಬಗೆಯನ್ನು ಕಂಡುಹಿಡಿಯಿತು. ನೆಲದೊಳಗೆ ಆಳವಾಗಿ ಕಂಬದ ಗುಂಡಿ ಕೊರೆದು, ಅದರ ಬುಡದಲ್ಲಿ ಗಂಟೆಯಾಕಾರವಾಗಿ ಅಗಲಿಸಿ ಕಾಂಕ್ರೀಟ್ ತುಂಬುವ ವಿಧಾನ ಅದು. ಮಣ್ಣು ಉಬ್ಬಿದರೂ ಕುಗ್ಗಿದರೂ ಕಂಬ ಅಲ್ಲಾಡುವುದಿಲ್ಲ. ಭಾರತೀಯ ಮಾನಕ 2911ರ ಮೂರನೇ ಭಾಗವೇ ಅದಕ್ಕೆ ಮೀಸಲು. ಅಂದರೆ ಸರ್ಕಾರದ ವಿಜ್ಞಾನಿಗೆ ಗೊತ್ತಿದೆ, ಸರ್ಕಾರದ ಎಂಜಿನಿಯರಿಗೆ ಗೊತ್ತಿದೆ, ಸರ್ಕಾರ ತನ್ನ ಕಟ್ಟಡ ಕಟ್ಟುವಾಗ ಆ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಬಡವಿಯ ಮನೆಗೆ ಮಾತ್ರ ಅದು ಅನ್ವಯವಾಗುವುದಿಲ್ಲ. ಇದನ್ನು ಮರೆವು ಎಂದು ಕ್ಷಮಿಸಲು ನಾನು ಸಿದ್ಧನಿಲ್ಲ. ಇದು ಗೊತ್ತಿದ್ದೂ ಮಾಡಿದ ಅನ್ಯಾಯ.

ಬೆಲೆ ಏರಿಕೆ ಎಂದರೆ ಏನು ಎಂಬುದು ನಮ್ಮ ಜನಪ್ರತಿನಿಧಿಗಳಿಗೆ ಚೆನ್ನಾಗಿ ತಿಳಿದಿದೆ. ಸಂಸದರ ಸಂಬಳ ಐದು ವರ್ಷಕ್ಕೊಮ್ಮೆ ಹಣದುಬ್ಬರದ ಸೂಚ್ಯಂಕದಂತೆ ತಾನಾಗಿಯೇ ಏರುವಂತೆ 2018ರಲ್ಲಿ ಕಾನೂನು ಮಾಡಿಕೊಂಡರು. ಅದರಂತೆ 2025ರ ಮಾರ್ಚ್‌ನಲ್ಲಿ ತಿಂಗಳ ಸಂಬಳ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ. ಅದೇ ತಿಂಗಳು 21ರಂದು ಬೆಂಗಳೂರಿನ ವಿಧಾನಸಭೆ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ ಏರಿಸುವ ಮಸೂದೆಗೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟಿತು. ಒಬ್ಬ ಸಂಸದನ ಒಂದು ತಿಂಗಳ ಸಂಬಳ ಈಗ ನಮ್ಮ ಅಕ್ಕನ ಇಡೀ ಮನೆಗಿಂತ 4,000 ರೂಪಾಯಿ ಹೆಚ್ಚು. ಅವರಿಗೆ ಸಂಬಳ ಬೇಡ ಎಂದು ನಾನು ಹೇಳುತ್ತಿಲ್ಲ. ಅವರ ಸಂಬಳಕ್ಕೆ ಕಟ್ಟಿದ ಸೂಚ್ಯಂಕವನ್ನು ಬಡವರ ಮನೆಯ ದರಕ್ಕೂ ಕಟ್ಟಿ ಎಂದು ಕೇಳುತ್ತಿದ್ದೇನೆ. ಒಂದು ಸಾಲಿನ ತಿದ್ದುಪಡಿ ಸಾಕು.

ಸದನ ಏನು ಕೇಳುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ಕೈಯಲ್ಲಿ ಹಿಡಿದವರಿಗೆ ಅವುಗಳ ರೂಪ ಗೊತ್ತು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ವಸತಿರಹಿತರಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ. ಅನುಬಂಧ ತೆರೆದರೆ ಅಂಕಣಗಳು: ಗುರಿ, ಮಂಜೂರಾದದ್ದು, ಪ್ರಗತಿಯಲ್ಲಿರುವುದು, ಪೂರ್ಣಗೊಂಡದ್ದು. ಕೊನೆಗೆ, ಮೇಲಿನ ಪ್ರಶ್ನೆಗೆ ಉತ್ತರಿಸಿರುವುದರಿಂದ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಆ ಅಂಕಣಗಳಲ್ಲಿ ಮಣ್ಣಿಲ್ಲ, ಸಾಲವಿಲ್ಲ, ಅಡವಿಟ್ಟ ಬೆಂಡೋಲೆ ಇಲ್ಲ. ಮನೆ ಮುಗಿಸಲು ಅದರೊಡತಿ ಎಷ್ಟು ಬಡ್ಡಿಗೆ ಎಷ್ಟು ಸಾಲ ಮಾಡಿದಳು ಎಂಬ ಅಂಕಣ ಒಂದೇ ಒಂದು ಇದ್ದಿದ್ದರೆ ಈ ಯೋಜನೆಯ ಬಣ್ಣ ಅಂದೇ ಬಯಲಾಗುತ್ತಿತ್ತು.

ಕೇಳಲು ದಿನಗಳಾದರೂ ಇವೆಯೆ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಎಂದು 2005ರಲ್ಲಿ ಕರ್ನಾಟಕ ವಿಧಾನಮಂಡಲ ತನಗೆ ತಾನೇ ಕಾನೂನು ಮಾಡಿಕೊಂಡಿತು. ಆ ಅಂಕಿ ಮುಟ್ಟದ ವರ್ಷಗಳೇ ಹೆಚ್ಚು. ಉತ್ತರ ಕರ್ನಾಟಕದ ಮಾತು ಕೇಳಲೆಂದು 2012ರ ಅಕ್ಟೋಬರ್‌ನಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ತೆರೆದರು. ಅದು ನಮ್ಮಿಂದ ಎರಡು ಮೂರು ತಾಸಿನ ದಾರಿ. ಅಷ್ಟು ಹತ್ತಿರ ಬಂದ ಸದನ ಒಂದು ದಿನ ಬಸ್ ಹತ್ತಿ ನವಲಗುಂದದ ಓಣಿಗೆ ಬಂದು ಒಂದು ಬುನಾದಿಯೊಳಗೆ ಇಣುಕಬಹುದಿತ್ತು. ಕೂಡಿದ ವರ್ಷಗಳಲ್ಲಿ ಒಂದೆರಡು ವಾರ ಕೂಡುತ್ತದೆ, ಎದ್ದು ಹೋಗುತ್ತದೆ.

ದಿಲ್ಲಿಯಲ್ಲಿ ಪರಿಶೀಲನೆಗೆಂದು ಸ್ಥಾಯಿ ಸಮಿತಿಗಳಿವೆ. 1993ರಿಂದ ನಡೆದುಬಂದ ವ್ಯವಸ್ಥೆ. ಗ್ರಾಮೀಣಾಭಿವೃದ್ಧಿಯ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು, ಎಲ್ಲ ಪಕ್ಷದವರು. ನ್ಯಾಯವಾಗಿ ಹೇಳಬೇಕು, ಈ ಸಮಿತಿ ಬಾಯಿ ಮುಚ್ಚಿ ಕುಂತಿಲ್ಲ. 1.20 ಲಕ್ಷಕ್ಕೆ ಮನೆ ಆಗುವುದಿಲ್ಲ, ಮೊತ್ತ ಹೆಚ್ಚಿಸಿ ಎಂದು ಒಂದಲ್ಲ, ಹಲವು ವರದಿಗಳಲ್ಲಿ ಬರೆದಿದೆ. ಸರ್ಕಾರ ಮೂರು ತಿಂಗಳೊಳಗೆ ಕ್ರಮದ ಉತ್ತರ ಕೊಡಬೇಕು, ಕೊಡುತ್ತದೆ. ದರ ಮಾತ್ರ ಅಲ್ಲೇ ಇದೆ. ಏಕೆಂದರೆ ಸಮಿತಿಯ ಮಾತು ಸಲಹೆ, ಆಜ್ಞೆಯಲ್ಲ. ಅದರ ಸಭೆ ಮುಚ್ಚಿದ ಬಾಗಿಲಿನ ಒಳಗೆ ನಡೆಯುತ್ತದೆ. ಬ್ರಿಟನ್ನಿನ ಸಂಸತ್ತಿನಲ್ಲಿ ವಸತಿ ಸಚಿವರನ್ನೇ ಸಮಿತಿಯ ಮುಂದೆ ಕೂರಿಸಿ ಪ್ರಶ್ನಿಸುತ್ತಾರೆ, ಅದನ್ನು ಜನ ಮನೆಯಲ್ಲಿ ಕುಂತು ನೋಡುತ್ತಾರೆ. ನಮ್ಮಲ್ಲಿ ಯಾರು ಏನು ಕೇಳಿದರು, ಅಧಿಕಾರಿ ಏನು ತಡವರಿಸಿದ ಎಂಬುದು ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ನಮ್ಮ ಅಕ್ಕನ ಮನೆಯ ದರ ನಿರ್ಧಾರವಾಗುವಾಗ ಅದನ್ನು ನೋಡುವ ಹಕ್ಕು ಅವಳಿಗಿಲ್ಲ ಎಂದರೆ ಅದು ಯಾರ ಸಂಸತ್ತು?

ಸರ್ಕಾರಕ್ಕೆ ಮನೆಯ ನಿಜವಾದ ಬೆಲೆ ಗೊತ್ತಿಲ್ಲ ಎನ್ನುವವರು 2019ರ ಆಗಸ್ಟ್‌ನ ನೆರೆಯನ್ನು ನೆನಪಿಸಿಕೊಳ್ಳಲಿ. ಶಿಗ್ಗಾಂವಿ ಕಡೆಯ ದುಂಡಸಿ ಗುಡ್ಡದಲ್ಲಿ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ದಾಟಿ ಮಲಪ್ರಭೆಗೆ ಕೂಡುತ್ತದೆ. ಬೇಸಿಗೆಯಲ್ಲಿ ದಾಟಿದರೆ ಕೆರವು ನೆನೆಯದ ಹಳ್ಳ, ಮಳೆಗಾಲದಲ್ಲಿ ಊರು ನುಂಗುತ್ತದೆ. ಆ ವರ್ಷ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಘೋಷಿಸಿದ್ದು 5 ಲಕ್ಷ ರೂಪಾಯಿ. ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ಪಟ್ಟಿ ಮಾಡಿದರು. ಎ ಪಟ್ಟಿಯ ಮನೆಗೂ ಬಿ ಪಟ್ಟಿಯ ಮನೆಗೂ ನಡುವೆ ಒಂದೇ ಗೋಡೆ ಇದ್ದ ಉದಾಹರಣೆಗಳು ನಮ್ಮೂರಲ್ಲೇ ಇದ್ದವು. ಆ ಜಗಳ ಇರಲಿ. ನಾನು ಎತ್ತಿ ತೋರಿಸುವುದು ಆ 5 ಲಕ್ಷವನ್ನು. ಈ ನೆಲದಲ್ಲಿ ಒಂದು ಮನೆ ಎದ್ದು ನಿಲ್ಲಲು 5 ಲಕ್ಷ ಬೇಕು ಎಂದು ಸರ್ಕಾರವೇ ಆಗ ಒಪ್ಪಿಕೊಂಡಿತು. ಹಳ್ಳ ಬಂದು ಕೆಡವಿದರೆ ಮನೆಗೆ 5 ಲಕ್ಷ, ಬಡತನ ಕೆಡವಿದರೆ 1.20 ಲಕ್ಷ. ಗೌಂಡಿ ಒಬ್ಬನೇ, ಸಿಮೆಂಟು ಒಂದೇ, ಎರಿ ಒಂದೇ. ಈ ಎರಡು ದರಗಳನ್ನು ಎದುರುಬದುರು ಇಟ್ಟು ಉತ್ತರ ಕೇಳುವ ಒಬ್ಬ ಶಾಸಕನಿಗಾಗಿ ನಾನು ಕಾಯುತ್ತಿದ್ದೇನೆ.

ಮನೆಯ ಅಳತೆಗೆ ಬರೋಣ. ಕನಿಷ್ಠ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಚದರ ಅಡಿಯಲ್ಲಿ 269. ಹಣ ಅಷ್ಟಕ್ಕೇ ಸಾಲದೆ ಇರುವಾಗ ಕನಿಷ್ಠವೇ ಗರಿಷ್ಠವಾಗುತ್ತದೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿ: ಬಾಗಿಲು ದಾಟಿದರೆ ತಗ್ಗಿನಲ್ಲಿ ದನಗಳು, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕಾಳು ಇಡಲು ಹಗೇವು. ಮನೆ ಎಂದರೆ ಒಕ್ಕಲುತನದ ಒಂದು ಅಂಗ. ದಿಲ್ಲಿಯಲ್ಲಿ ಬರೆದ ನಕ್ಷೆಯಲ್ಲಿ ಎಮ್ಮೆಗೆ ಜಾಗವಿಲ್ಲ, ಕಡಲೆ ಚೀಲಕ್ಕೆ ಜಾಗವಿಲ್ಲ, ಮೆಣಸಿನಕಾಯಿ ಹರವಲು ಅಂಗಳವಿಲ್ಲ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಕೊಟ್ಟು ಹೆಮ್ಮೆಪಟ್ಟರು. ಅದನ್ನು ಮನೆಯಲ್ಲೇ ಕುಂತು ನೇಯುವ ಮುಸ್ಲಿಂ ಅಕ್ಕಂದಿರ ಮಗ್ಗ ಒಂದು ಕೋಣೆಯ ಸರ್ಕಾರಿ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಯಾವ ಯೋಜಕನೂ ಅವರನ್ನು ಕೇಳಲಿಲ್ಲ.

ಇಷ್ಟಾದರೂ ಸಿಗುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. 2016ರ ನಿಯಮದಲ್ಲಿ ಹೊರಗಿಡಲು 13 ಕಾರಣಗಳಿದ್ದವು. ಮನೆಯಲ್ಲಿ ಬೈಕ್ ಇದ್ದರೆ ಹೊರಗೆ. ಫ್ರಿಜ್ ಇದ್ದರೆ ಹೊರಗೆ. ಹುಬ್ಬಳ್ಳಿಗೆ ಕೂಲಿಗೆ ಹೋಗುವ ಹುಡುಗ ಬಡ್ಡಿ ಸಾಲದಲ್ಲಿ ಹಳೆಯ ಬೈಕ್ ಕೊಂಡರೆ ಅವನ ಅವ್ವನ ಸೋರುವ ಮಾಳಿಗೆ ಸರ್ಕಾರದ ಕಣ್ಣಿಗೆ ಸೋರುವುದು ನಿಲ್ಲುತ್ತಿತ್ತು. 2024ರಲ್ಲಿ ಆ ಕಾರಣಗಳನ್ನು 10ಕ್ಕೆ ಇಳಿಸಿದರು, ಬೈಕ್ ಮತ್ತು ಫ್ರಿಜ್ ಬಿಟ್ಟರು, ತಿಂಗಳ ಆದಾಯದ ಮಿತಿ 10,000ದಿಂದ 15,000ಕ್ಕೆ ಏರಿಸಿದರು. ಒಳ್ಳೆಯದು. ನಡುವಿನ ಎಂಟು ಮಳೆಗಾಲ ಆ ಮುದುಕಿಯರು ಪಾತ್ರೆ ಇಟ್ಟುಕೊಂಡು ಕುಂತದ್ದಕ್ಕೆ ಯಾರು ಹೊಣೆ?

ಕಲಘಟಗಿಯ ತಾಂಡಾಗಳ ಕಥೆಯೇ ಬೇರೆ. ಅಲ್ಲಿ ಮಣ್ಣಿನ ತಕರಾರಿಲ್ಲ, ಕಾಗದದ ತಕರಾರು. ಗಾಂವಠಾಣಾದ ಹೊರಗೆ, ಅಡವಿಯ ಅಂಚಿನಲ್ಲಿ ತಲೆತಲಾಂತರದಿಂದ ಬಾಳಿದ ಲಂಬಾಣಿ ಮನೆಗಳಿಗೆ ಉತಾರ ಇಲ್ಲದಿದ್ದರೆ ಅವರು ನಿಂತ ನೆಲವೇ ಅವರದಲ್ಲ. ನೆಲ ಇಲ್ಲದವರಿಗೆ ಮನೆ ಮಂಜೂರಾಗುವುದಿಲ್ಲ. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಲು ರಾಜ್ಯ ಕಾನೂನು ತಂದದ್ದು ನಿಜ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಹಕ್ಕುಪತ್ರ ಹಂಚುವಾಗ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಸಿಕ್ಕವು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಎಂಬ ಐದು ಜಿಲ್ಲೆಗಳವು. ಧಾರವಾಡ ಅದರಲ್ಲಿ ಇರಲಿಲ್ಲ.

ಇನ್ನು ಯೋಜನೆ ಎಂಬ ದೊಡ್ಡ ಮಾತು. ಸಂವಿಧಾನದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಬೇಕು ಎನ್ನುತ್ತದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತರೇ ಆಗಿರಬೇಕು. ಎಲ್ಲಿ ಬಡಾವಣೆ, ಎಲ್ಲಿ ನೀರು, ಯಾವ ಊರು ಹಳ್ಳದ ಬಾಯಿಂದ ಮೇಲಕ್ಕೆ ಸರಿಯಬೇಕು, ಯಾವ ಮಣ್ಣಿಗೆ ಎಷ್ಟು ಖರ್ಚು ಎಂದು ಕೂಡಿ ಕುಂತು ಬರೆಯಬೇಕಾದ ಜಾಗ ಅದು. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಹೇಳುತ್ತಾ ಎರಡು ಪಕ್ಷಗಳ ಸರ್ಕಾರಗಳು ವರ್ಷಗಳನ್ನು ಉರುಳಿಸಿದವು. ಇದು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹುಟ್ಟಿದ ರಾಜ್ಯ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಅಧಿಕಾರ ಕೊಟ್ಟು ದೇಶಕ್ಕೆ ದಾರಿ ತೋರಿದ ರಾಜ್ಯ. ಆ ರಾಜ್ಯದಲ್ಲಿ ಜನ ಆರಿಸಿದ ಸದಸ್ಯ ಕೂರಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕುಂತಿದ್ದಾನೆ. ಅಧಿಕಾರಿಯ ಲೆಕ್ಕವನ್ನು ಅಧಿಕಾರಿಯೇ ನೋಡುವುದಕ್ಕೆ ಪರಿಶೀಲನೆ ಎಂಬ ಹೆಸರು ಸಲ್ಲದು.

ಹೀಗೆ ಕೆಳಗೆ ಪಂಚಾಯಿತಿಗೆ ಬೀಗ, ಮೇಲೆ ಸದನಕ್ಕೆ ಪುರುಸೊತ್ತಿಲ್ಲ ಎಂದಾದಾಗ ಸತ್ಯ ಎಲ್ಲಿಂದ ಹೊರಬೀಳುತ್ತದೆ? ಫೋನಿನಿಂದ. 2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು ವಸತಿ ಸಚಿವರ ಆಪ್ತ ಕಾರ್ಯದರ್ಶಿಯೊಂದಿಗೆ ಆಡಿದ ಮಾತು ಬಯಲಾಯಿತು. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳು ಹಣ ಕೊಟ್ಟ ಪಂಚಾಯಿತಿಗಳಿಗೆ ಹಂಚಿಕೆಯಾಗುತ್ತಿವೆ ಎಂಬುದು ಅವರ ಆರೋಪ. ಸಚಿವರು ಅಲ್ಲಗಳೆದರು. ಸತ್ಯ ಯಾವ ಕಡೆಗಿದೆ ಎಂದು ತೀರ್ಪು ಕೊಡುವವನು ನಾನಲ್ಲ. ನನ್ನನ್ನು ಕೆರಳಿಸಿದ್ದು ಬೇರೆ ಸಂಗತಿ. ಪಾಟೀಲರು ಆಳುವ ಪಕ್ಷದ ಹಿರಿಯ ಶಾಸಕರು, ಆಗ ರಾಜ್ಯ ನೀತಿ ಮತ್ತು ಯೋಜನಾ ಆಯೋಗದ ಉಪಾಧ್ಯಕ್ಷರು. ಯೋಜನಾ ಆಯೋಗದ ಉಪಾಧ್ಯಕ್ಷರೇ ಬಡವರ ಮನೆ ಹಂಚಿಕೆಯ ದೂರನ್ನು ಫೋನಿನಲ್ಲಿ ಹೇಳಿಕೊಳ್ಳಬೇಕಾದರೆ, ಓಣಿಯ ಅಕ್ಕ ಯಾರ ಬಾಗಿಲು ಬಡಿಯಬೇಕು? ಆ ಮಾತು ಮೊದಲು ಕೇಳಿಸಬೇಕಾಗಿದ್ದದ್ದು ಸದನದಲ್ಲಿ. ಕಡತ ತರಿಸಿ, ತಾಲ್ಲೂಕುವಾರು ಹಂಚಿಕೆ ತರಿಸಿ, ಸಾಕ್ಷಿ ಕರೆಸಿ ಕೇಳುವ ಅಧಿಕಾರ ಸದನದ ಸಮಿತಿಗಳಿಗೆ ಇದೆ. ಅಧಿಕಾರ ಇದ್ದೂ ಕೈಕಟ್ಟಿ ಕುಳಿತವರನ್ನು ನಾನು ಪಾಲುದಾರರೆಂದೇ ಕರೆಯುತ್ತೇನೆ.

ನಮ್ಮ ನೆಲಕ್ಕೆ ಪ್ರಶ್ನೆ ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಲಪ್ರಭೆಯ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಹರಿಯದೆ ಇದ್ದಾಗಲೂ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಬೆನ್ನು ಹತ್ತಿತು. ಬಾರದ ನೀರಿಗೆ ಕರ ಏಕೆ ಎಂಬುದು ಸದನದಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆ. ಅಲ್ಲಿ ಆಗಲಿಲ್ಲ. 1980ರ ಜುಲೈ 21ರಂದು ನವಲಗುಂದದ ಬೀದಿಯಲ್ಲಿ ರೈತರು ಕೇಳಿದರು. ಉತ್ತರ ಗುಂಡಿನಲ್ಲಿ ಬಂತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಬಂದು ಅವರಿಗೆ ಹೂಮಾಲೆ ಹಾಕುತ್ತಾರೆ. ಹಾಕಲಿ. ಆದರೆ ಸದನದೊಳಗೆ ಪ್ರಶ್ನೆ ಕೇಳದವರ ಕೈಯ ಮಾಲೆಯನ್ನು ಆ ಹುತಾತ್ಮರು ಒಪ್ಪುವುದಿಲ್ಲ.

ನವಲಗುಂದ, ಕುಂದಗೋಳ, ಕಲಘಟಗಿ ಕ್ಷೇತ್ರಗಳ ಶಾಸಕರೆ, ಧಾರವಾಡದ ಸಂಸದರೆ, ನೀವು ಯಾವ ಪಕ್ಷದವರಾದರೂ ಆಗಿರಿ, ಮುಂದಿನ ಅಧಿವೇಶನಕ್ಕೆ ಈ ಪ್ರಶ್ನೆಯನ್ನು ಚುಕ್ಕೆ ಗುರುತು ಹಾಕಿ ಕಳಿಸಿ. ಧಾರವಾಡ ಜಿಲ್ಲೆಯ ಎರಿ ಭೂಮಿಯಲ್ಲಿ ಮನೆಯ ಬುನಾದಿ ಎಷ್ಟು ಅಡಿ ಆಳ ಇರಬೇಕು? ಅದಕ್ಕೆ ತಗಲುವ ವೆಚ್ಚವೆಷ್ಟು? ಆ ವೆಚ್ಚ 1.20 ಲಕ್ಷದಲ್ಲಿ ಸೇರಿದೆಯೇ? ಸೇರದಿದ್ದಲ್ಲಿ, ಅದನ್ನು ಇದುವರೆಗೆ ಕಟ್ಟಿದವರು ಯಾರು? ಅನುಬಂಧ ಬೇಡ, ಎದ್ದು ನಿಂತು ಬಾಯಿಂದ ಉತ್ತರ ಹೇಳಲಿ.

ನಮ್ಮ ಅಕ್ಕನ ಬುನಾದಿ ಕೊನೆಗೆ ಒಂಬತ್ತು ಅಡಿಗೆ ನಿಂತಿತು. ಗೋಡೆ ಎದೆಮಟ್ಟ ಎದ್ದು ಅಲ್ಲಿಗೇ ನಿಂತಿದೆ. ಬೆಂಡೋಲೆ ಇನ್ನೂ ಬಿಡಿಸಿಲ್ಲ.